ಹೋರಾಡಿ ಪಡೆದ ಸೈಕಲ್ ದಾರಿ

ನೆದರ್ಲೆಂಡ್ಸಿನ ಸೈಕಲ್ ದಾರಿಗಳು ತಾವಾಗಿ ಬಂದವಲ್ಲ, ಜನ ಹೋರಾಡಿ ಪಡೆದವು. ಎರಡನೇ ಮಹಾಯುದ್ಧದ ನಂತರ ಅಲ್ಲಿಯೂ ಕಾರುಗಳದ್ದೇ ಕಾರುಬಾರು. 1971ರಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದವರು 3,000ಕ್ಕೂ ಹೆಚ್ಚು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮರುವರ್ಷ ಆಮ್‌ಸ್ಟರ್‌ಡ್ಯಾಮಿನ ಇಕ್ಕಟ್ಟಾದ ಡೆ ಪೈಪ್ ಬಡಾವಣೆಯ ಮಕ್ಕಳೇ ಬೀದಿಗೆ ಅಡ್ಡ ಕಟ್ಟಿ, ಆಡಲು ಜಾಗ ಕೇಳಿದರು. ಅಪಘಾತದಲ್ಲಿ ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ಬರೆದ ಲೇಖನದಿಂದ ‘ಮಕ್ಕಳ ಕೊಲೆ ನಿಲ್ಲಿಸಿ’ ಚಳವಳಿ ಹುಟ್ಟಿತು. 1973ರ ತೈಲ ಬಿಕ್ಕಟ್ಟು ಅದಕ್ಕೆ ಬಲ ತುಂಬಿತು.

ಹೋರಾಟದ ಫಲವಾಗಿ ಸೈಕಲ್ ದಾರಿಗಳು ಬರತೊಡಗಿದವು. ಆದರೆ ಸೈಕಲ್ಲಿಗೆಂದು ಬರೀ ಬಿಳಿ ಗೆರೆ ಎಳೆದರೆ ಅಲ್ಲಿ ಕಾರು ನಿಲ್ಲುತ್ತದೆ, ಯಾವ ಊರಾದರೂ ಅಷ್ಟೇ. ಹಾಗಾಗಿ ದೊಡ್ಡ ರಸ್ತೆಗಳಲ್ಲಿ ಅಂಚುಕಲ್ಲಿಟ್ಟು ಸೈಕಲ್ ದಾರಿ ಬೇರೆ ಮಾಡಿದರು. ಮನೆಗಳಿರುವ ಬೀದಿಗಳಲ್ಲಿ ವೇಗದ ಮಿತಿಯನ್ನು ಗಂಟೆಗೆ 30 ಕಿ.ಮೀ.ಗೆ ಇಳಿಸಿದರು. ಇಂದು ಅಲ್ಲಿನ ಒಟ್ಟು ಓಡಾಟದಲ್ಲಿ ಸುಮಾರು ಕಾಲುಭಾಗ ಸೈಕಲ್ಲಿನದೇ.