ಕಾರುಗಳನ್ನು ಹೊತ್ತು ತರುವವರು

ಹೊಸೂರು ಸೀಮೆಯ ಕನ್ನಡಿಗರಾದ ನಮಗೆ ಹೆದ್ದಾರಿಯೆಂದರೆ ನೆರೆಮನೆಯಿದ್ದಂತೆ. ಕೃಷ್ಣಗಿರಿಯಿಂದ ಶೂಲಗಿರಿ, ಹೊಸೂರುಗಳನ್ನು ಹಾದು ಅತ್ತಿಬೆಲೆಯಲ್ಲಿ ಕರ್ನಾಟಕವನ್ನು ಹೊಗುವ ಈ ಮಾರ್ಗಕ್ಕೆ ಮೊದಲು 7ನೆಯ ರಾಷ್ಟ್ರೀಯ ಹೆದ್ದಾರಿಯೆಂದು ಹೆಸರಿತ್ತು. ಈಗ ಅದು 44ನೆಯದು. ಇದರ ಮೇಲೆ ಹಗಲಿರುಳೂ ಸಾಗುವ ವಾಹನಗಳಲ್ಲಿ ನಮ್ಮ ಶಾಲೆಯ ಮಕ್ಕಳಿಗೆ ಬಲು ಪ್ರಿಯವಾದುದು ಕಾರುಗಳನ್ನು ಹೊತ್ತ ಲಾರಿ. ಎರಡಂತಸ್ತಿನ ಉದ್ದನೆಯ ಪೆಟ್ಟಿಗೆಯಂಥ ಆ ಗಾಡಿಯ ಪಕ್ಕದ ಸಂದುಗಳಲ್ಲಿ ಹೊಸ ಬಣ್ಣ ಮಿಂಚಿದೊಡನೆ ಅವರು ಎಣಿಸತೊಡಗುತ್ತಾರೆ: ಆರು, ಏಳು, ಎಂಟು! ಮುಂದೆ ಕುಳಿತು ಅದನ್ನು ನಡೆಸುವಾತನು ಎಣಿಕೆಗೆ ಬರುವುದಿಲ್ಲ. ದೊಡ್ಡವರಾದ ನಮ್ಮ ಎಣಿಕೆಯೂ ಬಹುಮಟ್ಟಿಗೆ ಇಂಥದೇ ಅಲ್ಲವೇ?

ಕಳೆದ ಬೇಸಗೆಯ ರಜೆಯಲ್ಲಿ ನಾವು ಶ್ರೀಪೆರಂಬುದೂರಿಗೆ ಹೋಗಿದ್ದೆವು. ಮೇಲುಕೋಟೆಯನ್ನು ಕಂಡ ಕನ್ನಡಿಗರಿಗೆಲ್ಲ ಇದು ಶ್ರೀರಾಮಾನುಜಾಚಾರ್ಯರ ಜನ್ಮಸ್ಥಳವೆಂಬುದು ಗೊತ್ತೇ ಇದೆ. ದೇವಾಲಯದ ದರ್ಶನ ಮುಗಿಸಿ ಹೆದ್ದಾರಿಗೆ ಬಂದರೆ ಬೇರೆಯದೇ ಲೋಕ. ಸಮೀಪದ ಇರುಂಗಾಟ್ಟುಕೋಟ್ಟೈಯಲ್ಲಿ 1998ರಿಂದ ಹ್ಯುಂಡೈ ಕಾರುಗಳು ತಯಾರಾಗುತ್ತಿವೆ. ಇತ್ತ ನಮ್ಮ ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆಯು 1999ರ ಕೊನೆಗೆ ಕೆಲಸ ಆರಂಭಿಸಿತು. ಅಲ್ಲಿನ ಕಾರು ಬೆಂಗಳೂರಿಗೆ, ಇಲ್ಲಿನ ಕಾರು ತಮಿಳುನಾಡಿಗೆ, ನಡುವೆ ಹೊಸೂರು.

ಮರಳುವಾಗ ವೇಲೂರು, ಆಂಬೂರು, ವಾಣಿಯಂಬಾಡಿಗಳನ್ನು ಕಳೆದು ಕೃಷ್ಣಗಿರಿಯ ಬಳಿ ಬಸ್ಸು ನಿಂತಿತು. ಚಹಾದ ಅಂಗಡಿಯಲ್ಲಿ ತಮಿಳು, ತೆಲುಗು, ಹಿಂದಿಗಳ ನಡುವೆ “ಮೇಷ್ಟ್ರೇ, ನಮಸ್ಕಾರ” ಎಂಬ ಕರೆ ಕೇಳಿ ತಿರುಗಿದೆವು. ನಮ್ಮಲ್ಲೇ ಎಂಟನೆಯ ತರಗತಿಯವರೆಗೆ ಕಲಿತ ಹುಡುಗ. ಈಗ ನಡುವಯಸ್ಸಿನವನು, ಕಾರು ಸಾಗಿಸುವ ಲಾರಿಯ ಚಾಲಕ. ಬಸ್ಸು ಹೊರಡಲು ತಡವಿದ್ದುದರಿಂದ ತನ್ನ ಗಾಡಿಯನ್ನು ಸುತ್ತಿಸಿ ತೋರಿಸಿದನು. ಒಂದು ಕಾಲದಲ್ಲಿ ನಾವು ಪಾಠ ಹೇಳಿದವನಿಂದ ಆ ದಿನ ನಾವು ಪಾಠ ಕೇಳಿದೆವು.

ಕಾರುಗಳನ್ನು ತುಂಬುವುದೇ ಒಂದು ವಿದ್ಯೆ. ಹಿಂಬದಿಯ ಇಳಿಜಾರು ಹಲಗೆಯ ಮೇಲೆ ಒಂದೊಂದನ್ನೇ ಹತ್ತಿಸಿ, ಇಕ್ಕೆಲಗಳಲ್ಲಿ ಗೇಣುದ್ದವೂ ಇಲ್ಲದ ಜಾಗದಲ್ಲಿ ನಿಲ್ಲಿಸಬೇಕು. ಎಷ್ಟೋ ವೇಳೆ ಬಾಗಿಲು ತೆರೆಯಲು ಎಡೆಯಿಲ್ಲದೆ ಕಿಟಕಿಯಿಂದಲೇ ನುಸುಳಿ ಹೊರಬರಬೇಕಾಗುತ್ತದೆ. ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು ಬೆಲ್ಟಿನಿಂದ ಬಿಗಿಯಬೇಕು. ಬಿಗಿ ಕಡಮೆಯಾದರೆ ಕಾರು ಜರುಗೀತು. ದಾರಿಯಲ್ಲಿ ಎರಡು ಮೂರು ಸಲ ನಿಲ್ಲಿಸಿ ಇವನ್ನೆಲ್ಲ ಮುಟ್ಟಿ ನೋಡದೆ ಅವನು ಮುಂದೆ ಹೋಗುವುದಿಲ್ಲವಂತೆ.

“ಭಾರ ಹೆಚ್ಚಲ್ಲವೇ?” ಎಂದು ನಾವು ಕೇಳಿದೆವು. ಅವನು ನಕ್ಕನು. ಸಣ್ಣ ಕಾರೊಂದರ ತೂಕ ಸುಮಾರು ಒಂದು ಟನ್. ಎಂಟು ಕಾರು ಸೇರಿದರೂ ನಮ್ಮ ಕಡೆಯ ಕಲ್ಲುಬಂಡೆಯ ಲಾರಿಯ ಭಾರಕ್ಕೆ ಸಮವಲ್ಲ. ತೊಡಕಿರುವುದು ಉದ್ದ ಮತ್ತು ಎತ್ತರಗಳಲ್ಲಿ. ಇಂಥ ಗಾಡಿಗೆ ನಿಯಮವು 18.75 ಮೀಟರ್ ಉದ್ದವನ್ನು ಮಿತಿಯಾಗಿಟ್ಟಿದೆ. ಎಂದರೆ ದೊಡ್ಡ ಬಸ್ಸೊಂದರ ಒಂದೂವರೆಪಟ್ಟು. ತಿರುವಿನಲ್ಲಿ ಹಿಂದಿನ ಚಕ್ರಗಳು ಮುಂದಿನವುಗಳ ಜಾಡನ್ನು ಬಿಟ್ಟು ಒಳಕ್ಕೆ ಸರಿಯುತ್ತವೆ. ಪಕ್ಕದ ಗಾಳಿಗೆ ಎತ್ತರದ ಪೆಟ್ಟಿಗೆ ಹಾಯಿಯಂತೆ ಒಲೆಯುತ್ತದೆ. ಊರೊಳಗೆ ಬಂದರೆ ಮರದ ಕೊಂಬೆ, ಜೋತ ತಂತಿ, ತಗ್ಗಿನ ಸೇತುವೆ ಎಲ್ಲವೂ ಶತ್ರುಗಳೇ. ಧರ್ಮಪುರಿ-ಸೇಲಂಗಳ ನಡುವೆ ತೊಪ್ಪೂರು ಘಟ್ಟವಿದೆ. ಆ ಇಳಿಜಾರಿನಲ್ಲಿ ಡೀಸೆಲ್ ಉಳಿಸುವ ಆಸೆಯಿಂದ ಗೇರು ತಪ್ಪಿಸಿ ಬಿಟ್ಟವರ ಗಾಡಿಗಳು ಬ್ರೇಕು ಹಿಡಿಯದೆ ಉರುಳಿದ ಕಥೆ ಒಂದೆರಡಲ್ಲ. “ಅಲ್ಲಿ ಉಳಿಸುವುದು ನೂರು ರೂಪಾಯಿ, ಕಳೆಯುವುದು ಪ್ರಾಣ” ಎಂದನು.

ಗುರಿ ತಲಪಿದ ಮೇಲೆ ಕಾರುಗಳ ಪರೀಕ್ಷೆ ನಡೆಯುತ್ತದೆ. ಬಣ್ಣದ ಮೇಲೆ ಉಗುರಿನಷ್ಟು ಗೀರಿದ್ದರೂ ಛಾಯಾಚಿತ್ರ ತೆಗೆದು, ಕಾಗದದಲ್ಲಿ ಬರೆದು, ಹಲವೆಡೆ ಅದರ ಖರ್ಚನ್ನು ಚಾಲಕನ ಲೆಕ್ಕದಿಂದ ಮುರಿದುಕೊಳ್ಳುತ್ತಾರಂತೆ. ಚಾಲಕನ ಕಣ್ಣು ಕೆಂಪಾಗಿದೆಯೇ, ರಾತ್ರಿ ಎಷ್ಟು ಹೊತ್ತು ಮಲಗಿದ್ದನು ಎಂದು ಬರೆದುಕೊಳ್ಳುವ ಕಾಗದವನ್ನು ಅವನು ಈವರೆಗೆ ಕಂಡಿಲ್ಲ.

ಕಾನೂನು ಇಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆಗಳ ದುಡಿಮೆಯನ್ನೂ, ಐದು ಗಂಟೆಗೊಮ್ಮೆ ಅರ್ಧ ಗಂಟೆಯ ವಿರಾಮವನ್ನೂ ವಿಧಿಸಿತು. ಆದರೆ ಪ್ರಯಾಣಕ್ಕೆ ಇಷ್ಟೆಂದು ಕೂಲಿ ಪಡೆಯುವವನಿಗೆ ಗಡಿಯಾರ ಕಟ್ಟುವವರು ಯಾರು? ಹಗಲಿನಲ್ಲಿ ನಗರದೊಳಕ್ಕೆ ಭಾರಿ ವಾಹನಗಳಿಗೆ ನಿಷೇಧವಿರುವುದರಿಂದ ಅವನು ಎಷ್ಟೋ ಸಲ ಗಡಿಯಲ್ಲಿ ಸಂಜೆಯವರೆಗೆ ಕಾದು, ರಾತ್ರಿ ನಡೆಸಿ, ಬೆಳಗಿನ ಜಾವ ಇಳಿಸುತ್ತಾನೆ. ಕಾದ ಹೊತ್ತಿಗೆ ಕೂಲಿಯಿಲ್ಲ. ಬಿಸಿಲಿನ ಬೇಗೆಯಲ್ಲಿ ನಿದ್ರೆಯೂ ಇಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಚಾಲಕ ಕೋಣೆಗೆ ಹವಾನಿಯಂತ್ರಣ ಕಡ್ಡಾಯವಾಗಿರುವುದು ಸಂತೋಷದ ಸಂಗತಿ. ಹಳೆಯ ಗಾಡಿಯಲ್ಲಿರುವವನಿಗೆ ಆ ತಂಪು ಇನ್ನೂ ದೂರ.

ಮಾತಿನ ನಡುವೆ ಮನೆಯಿಂದ ಫೋನು ಬಂತು. ದಾರಿಯುದ್ದಕ್ಕೂ ನಾಲ್ಕು ಭಾಷೆಗಳಲ್ಲಿ ವ್ಯವಹರಿಸುವವನು ಮಗಳೊಡನೆ ಮಾತ್ರ ನಮ್ಮ ಸೀಮೆಯ ಕನ್ನಡದಲ್ಲಿ, ಮಗ್ಗಿ ಬಾಯಿಪಾಠ ಆಯಿತೇ ಎಂದು ಕೇಳಿದನು. ತಿಂಗಳಲ್ಲಿ ಐದಾರು ರಾತ್ರಿ ಮನೆಯಲ್ಲಿ ಮಲಗಿದರೆ ಅದೇ ಹೆಚ್ಚಂತೆ. ತಮ್ಮನೂ ಇದೇ ವೃತ್ತಿಗೆ ಬಂದಿದ್ದಾನೆ. ಚಾಲಕನೆಂಬ ಕಾರಣಕ್ಕೇ ಮೂರು ಕಡೆ ಹೆಣ್ಣು ಕೊಡಲೊಲ್ಲೆವೆಂದರೆಂದು ಹೇಳುವಾಗ ಅವನ ದನಿ ತಗ್ಗಿತು.

ವಾಚಕ ಮಹಾಶಯರೇ, ಹಾಗೆಂದವರು ಹೊರಗಿನವರಲ್ಲ, ನಮ್ಮವರೇ. ಹೊಸ ಕಾರು ಮನೆಗೆ ಬಂದಾಗ ನಾವು ಹೂಮಾಲೆ ಹಾಕಿ, ಚಕ್ರದಡಿ ನಿಂಬೆಹಣ್ಣಿಟ್ಟು, ಕಾಯಿ ಒಡೆಯುತ್ತೇವೆ. ಮೀಟರು ನೋಡಿ “ಓಡಿಯೇ ಇಲ್ಲ” ಎಂದು ಹಿಗ್ಗುತ್ತೇವೆ. ಅದು ಓಡದಿರುವುದು ಮತ್ತೊಬ್ಬನು ನಿದ್ದೆಗೆಟ್ಟು ಹೊತ್ತು ತಂದುದರಿಂದ. ಅಕ್ಷರ ಕಲಿತವನ ಕೈಗೆ ಸಲ್ಲುವ ಗೌರವವು ಸ್ಟಿಯರಿಂಗ್ ಹಿಡಿದ ಕೈಗೂ ಸಲ್ಲಬೇಕು. ಆ ವೃತ್ತಿಯವನು ಕನ್ಯಾರ್ಥಿಯಾಗಿ ಬಂದರೆ ಗುಣವನ್ನು ವಿಚಾರಿಸೋಣ, ದುಡಿಮೆಯನ್ನು ಹಳಿಯದಿರೋಣ. ಹೆದ್ದಾರಿಯ ಬದಿಯ ನಮ್ಮ ಹಳ್ಳಿಗಳಲ್ಲಿ ಲಾರಿ ನಿಲ್ಲಿಸಿ ನೀರು ಕೇಳಿದವನಿಗೆ ನೀರನ್ನೂ, ಮರದ ನೆರಳನ್ನೂ ಕೊಡೋಣ. ಇದಕ್ಕೆ ಯಾವ ಕಾಯಿದೆಯೂ ಬೇಕಾಗಿಲ್ಲ.

ಈ ವರ್ಷ ಶಾಲೆ ತೆರೆದ ಮೇಲೆ ನಾವು ಐದನೆಯ ತರಗತಿಯ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟಿದ್ದೇವೆ: ಒಂದು ಲಾರಿಯಲ್ಲಿ ಎಂಟು ಕಾರು, ಹತ್ತು ಲಾರಿಗಳಲ್ಲಿ ಎಷ್ಟು ಚಾಲಕರು?