ಹೊನ್ನಾವರದಲ್ಲಿ ಎರಡು ಸಂಜೆ

ಹುಬ್ಬಳ್ಳಿಯ ಅಡಿಕೆ ಮತ್ತು ಕಾಳುಮೆಣಸಿನ ಸಗಟು ವ್ಯಾಪಾರಿಯೊಬ್ಬರ ವಿವಾಹ 1978ರ ಕಾರ್ತಿಕ ಬಹುಳದಲ್ಲಿ, ಚಾತುರ್ಮಾಸ್ಯ ಮುಗಿದೊಡನೆ ನೆರವೇರಿತು. ಪೇಟೆಯಲ್ಲಿ ಅದು ದೀಪಾವಳಿಯ ಲೆಕ್ಕ ತಾಳೆ ನೋಡುವ ಕಾಲ. ಹೀಗಾಗಿ ವಿವಾಹದ ದಿನ ಮರಳಿ ಬಂದಾಗಲೆಲ್ಲ ಪತಿಯು ವಹಿಗಳ ನಡುವೆ ಇರುತ್ತಿದ್ದರು. "ಒಮ್ಮೆ ಕಡಲು ನೋಡಬೇಕು" ಎಂದು ಪತ್ನಿ ಹೇಳಿದರೆ, "ಲೆಕ್ಕ ಮುಗಿಯಲಿ" ಎಂಬುದು ಉತ್ತರ. 1989ರಿಂದ ಆದಾಯ ತೆರಿಗೆಯ ಲೆಕ್ಕದ ವರ್ಷ ಎಲ್ಲರಿಗೂ ಮಾರ್ಚ್ 31ಕ್ಕೇ ಮುಗಿಯತೊಡಗಿತು. ಲೆಕ್ಕವೇನೋ ಮಾರ್ಚಿಗೆ ಹೋಯಿತು. ಪ್ರವಾಸ ಮಾತ್ರ ಹೊರಡಲಿಲ್ಲ. ವ್ಯಾಪಾರಸ್ಥರ ಮನೆಗಳಲ್ಲಿ ಇದು ಅಪರೂಪದ ಸಂಗತಿಯಲ್ಲ.

2023ರಲ್ಲಿ, ದಾಂಪತ್ಯಕ್ಕೆ ನಲವತ್ತೈದು ವರ್ಷ ತುಂಬಿದಾಗ, ದಂಪತಿಗಳು ಹೊನ್ನಾವರಕ್ಕೆ ಹೊರಟರು. ಅರಬೈಲ್ ಘಟ್ಟ ಇಳಿದು ಅಂಕೋಲಾ, ಕುಮಟಾ ದಾಟಿ ಊರು ಸೇರುವಾಗ ಸಂಜೆ ಐದು ಗಂಟೆ. ಇಬ್ಬರಿಗೂ ರಾತ್ರಿಭೋಜನ ತ್ಯಾಗದ ನಿಯಮ. ಸೂರ್ಯಾಸ್ತಕ್ಕೆ ಎರಡು ಗಳಿಗೆ ಮೊದಲೇ ಊಟ ಮುಗಿಯಬೇಕು. ಊಟಕ್ಕೆ ಕುಳಿತರೆ ಸೂರ್ಯಾಸ್ತ ತಪ್ಪುತ್ತದೆ. ಪತ್ನಿಯು "ಊಟ ದಿನಾ ಇದ್ದದ್ದೇ" ಎಂದರು. ಶರಾವತಿಯ ಸೇತುವೆ ದಾಟಿ, 2020ರಲ್ಲಿ ನೀಲಿ ಧ್ವಜದ ಮಾನ್ಯತೆ ಪಡೆದ ಕಾಸರಕೋಡಿನ ತೀರಕ್ಕೆ ಹೋದರು. ಮಳೆಗಾಲದ ಕೆಂಪು ನೀರೆಲ್ಲ ಹರಿದುಹೋಗಿ ಕಡಲು ಶಾಂತವಾಗಿತ್ತು. ಗಾಳಿಮರಗಳ ತೋಪಿನಲ್ಲಿ ಚಪ್ಪಲಿ ಬಿಟ್ಟು, ಅರವತ್ತೈದರ ಆ ಗೃಹಿಣಿ ಸೀರೆಯ ನೆರಿಗೆ ಎತ್ತಿ ಹಿಡಿದು ನೀರಿಗಿಳಿದರು. ಪತಿಯು ದಡದಲ್ಲಿ ಕುಳಿತು ಆಟೋ ಬಾಡಿಗೆಯನ್ನು ಕಿರುಪುಸ್ತಕದಲ್ಲಿ ಬರೆದುಕೊಂಡರು.

ನೀರಿನಿಂದ ಬಂದು ಪಕ್ಕದಲ್ಲಿ ಕುಳಿತ ಪತ್ನಿ, ಯಾವ ಪೀಠಿಕೆಯೂ ಇಲ್ಲದೆ ಕೇಳಿದರು: "ಎಂಬತ್ನಾಲ್ಕರಲ್ಲಿ ಕೊಟ್ಟ ನನ್ನ ಬಂಗಾರವನ್ನು ಯಾವ ಖಾತೆಗೆ ಬರೆದಿರಿ?"

1984ರಲ್ಲಿ ಮಾಲು ನೆನೆದು ಹಾಳಾಗಿ ಅಂಗಡಿ ಮುಚ್ಚುವ ಸ್ಥಿತಿ ಬಂದಿತ್ತು. ಆಗ ತವರಿನ ಬಳೆಗಳನ್ನೂ ಸರವನ್ನೂ ಬಿಚ್ಚಿಕೊಟ್ಟವರು ಆಕೆ. ಮಾರಿದ ಹಣ ಮಾಲೀಕರ ಬಂಡವಾಳವೆಂದು ಜಮೆಯಾಯಿತು. ಈಗ ಅಂಗಡಿಯು ಇಬ್ಬರು ಪುತ್ರರಿಗೆ ಭಾಗವಾಗಲಿದೆ. ಪಾಲುಪತ್ರದ ಕರಡಿನಲ್ಲಿ ತಾಯಿಯ ಹೆಸರೇ ಇಲ್ಲ.

"ನನ್ನ ಬಂಡವಾಳಕ್ಕೇ ಬರೆದೆ" ಎಂದರು ಪತಿ.

"ಆರು ತೊಲೆ ಇತ್ತೇನೋ, ಅಲ್ಲವೇ?"

"ಇದ್ದೀತು."

ಸರಾಫರ ತಕ್ಕಡಿಯಲ್ಲಿ ತೂಗಿದ್ದು ಎಂಟು ತೊಲೆ. ಅದು ಅವರಿಗೆ ಚೆನ್ನಾಗಿ ನೆನಪಿತ್ತು.

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಇಟ್ಟವನು ಮರೆತು ಕಡಿಮೆ ಕೇಳಿದರೆ, ಇಟ್ಟುಕೊಂಡವನು ಅಷ್ಟನ್ನೇ ಒಪ್ಪಿ ಸುಮ್ಮನಾಗುವುದು. ಇದನ್ನು ಶಾಸ್ತ್ರಕಾರರು ಕಳವಿನೊಡನೆ ಎಣಿಸದೆ ಅಸತ್ಯದೊಡನೆ ಎಣಿಸಿದರು. ಇಲ್ಲಿ ಕೈ ಏನನ್ನೂ ಕದಿಯುವುದಿಲ್ಲ, ನಾಲಿಗೆ ಮಾತ್ರ ಹಿಂಜರಿಯುತ್ತದೆ. ಗಿರಾಕಿಗೆ ಒಂದು ಗುಂಜಿ ಕಡಿಮೆ ತೂಗದ ಎಷ್ಟೋ ಸಜ್ಜನರು ಈ ಅತಿಚಾರವು ಮನೆಯೊಳಗೂ ಸಂಭವಿಸುತ್ತದೆಂದು ಯೋಚಿಸುವುದೇ ಇಲ್ಲ. ಈ ಗೃಹಸ್ಥರು ಯೋಚಿಸಿದರು. ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಕಾರಣ ಹಸಿವೆಂದು ಪತ್ನಿಗೆ ಹೇಳಿದರು. ಅದು ಎರಡನೆಯ ಸುಳ್ಳು.

ಮರುದಿನ ಶರಾವತಿಯ ಗುಂಟ ಸುಮಾರು ಮೂವತ್ತು ಕಿಲೋಮೀಟರ್ ಒಳಗೆ, ಗೇರುಸೊಪ್ಪೆಯ ಚತುರ್ಮುಖ ಬಸದಿಗೆ ಹೋದರು. 1552ರಿಂದ 1606ರವರೆಗೆ ಆಳಿದ ಜೈನ ರಾಣಿ ಚೆನ್ನಭೈರಾದೇವಿಯ ಊರು ಅದು. ಪೋರ್ಚುಗೀಸರು ಆಕೆಯನ್ನು ಕರಿಮೆಣಸಿನ ರಾಣಿ ಎಂದು ಕರೆದರು. ಈಗ ಸುತ್ತಲೂ ಕಾಡು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ನಾಲ್ಕಕ್ಕೂ ಎದುರಾಗಿ ಜಿನಬಿಂಬ. ದರ್ಶನ ಮುಗಿಸಿ ಕಲ್ಲಿನ ಮೇಲೆ ಕುಳಿತಾಗ ಪತಿಯೇ ಮಾತು ತೆಗೆದರು.

"ಆರಲ್ಲ, ಎಂಟು ತೊಲೆ. ನಿನ್ನೆಯೂ ನನಗೆ ಗೊತ್ತಿತ್ತು."

ಬಹಳ ಹೊತ್ತಿನ ಮೇಲೆ ಪತ್ನಿ, "ಎರಡು ತೊಲೆಗೆ ಇಷ್ಟು ಯೋಚಿಸಿದಿರಾ?" ಎಂದರು. ಅದು ಸಮಾಧಾನವೋ ಆಕ್ಷೇಪವೋ ಪತಿಗೆ ತಿಳಿಯಲಿಲ್ಲ.

ಇನ್ನುಳಿದದ್ದು, ಮರಳಿಸಬೇಕಾದದ್ದು ರೂಪಾಯಿಯೋ ಬಂಗಾರವೋ ಎಂಬ ಪ್ರಶ್ನೆ. ವಹಿಯಲ್ಲಿರುವುದು ಅಂದಿನ ರೂಪಾಯಿ; ಆ ಹಣಕ್ಕೆ ಇಂದು ಒಂದು ಉಂಗುರ ಬಂದೀತು. ಎಂಟು ತೊಲೆಯೆಂದರೆ ತೊಂಬತ್ತಮೂರು ಗ್ರಾಂ. ಸ್ತ್ರೀಧನವು ಹೆಂಡತಿಯ ಪೂರ್ಣ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ಹೇಳಿದೆ. ಕಷ್ಟಕಾಲದಲ್ಲಿ ಗಂಡ ಅದನ್ನು ಬಳಸಬಹುದು, ಆದರೆ ಅದನ್ನಾಗಲಿ ಅದರ ಮೌಲ್ಯವನ್ನಾಗಲಿ ಮರಳಿಸುವ ನೈತಿಕ ಹೊಣೆ ಅವನದೆಂದು 1997ರಲ್ಲಿ ಮತ್ತೆ ಹೇಳಿತು. ಕೊಟ್ಟದ್ದು ತೂಕವಾದರೆ ಮರಳಬೇಕಾದದ್ದೂ ತೂಕವೇ ಎಂಬುದು ವ್ಯಾಪಾರದ ಸಾಮಾನ್ಯ ನ್ಯಾಯ. ರೂಪಾಯಿಯ ಲೆಕ್ಕ ಹಿಡಿಯುವುದು ನಿನ್ನೆಯ "ಇದ್ದೀತು" ಎಂಬ ಮಾತನ್ನೇ ವಹಿಯಲ್ಲಿ ಬರೆದಂತೆ.

ಪತಿಯು ಕಿರುಪುಸ್ತಕ ತೆಗೆದು, ಹಿಂದಿನ ದಿನದ ಆಟೋ ಬಾಡಿಗೆಯ ಕೆಳಗೆ, ಪತ್ನಿಯ ಹೆಸರಿಗೆ ಎಂಟು ತೊಲೆ ಬಂಗಾರ ಜಮೆ ಬರೆದರು. ಅಲ್ಲಿಂದಲೇ ಹಿರಿಯ ಮಗನಿಗೆ ಫೋನ್ ಮಾಡಿ ಕರಡನ್ನು ತಡೆಹಿಡಿಯಲು ಹೇಳಿದರು. ಮಗ ಕಾರಣ ಕೇಳಿದ. "ಊರಿಗೆ ಬಂದು ಹೇಳುತ್ತೇನೆ, ನಿಮ್ಮಿಬ್ಬರ ಪಾಲೂ ಸ್ವಲ್ಪ ಕಡಿಮೆಯಾಗುತ್ತದೆ" ಎಂದಷ್ಟೇ ಹೇಳಿದರು. ಆ ಕಡೆಯಿಂದ ಕೂಡಲೇ ಉತ್ತರ ಬರಲಿಲ್ಲ.

ಆ ದಿನ ಹೊನ್ನಾವರಕ್ಕೆ ಮರಳಿ ನಾಲ್ಕೂವರೆಗೇ ಊಟ ಮುಗಿಸಿದರು. ಸೇತುವೆ ದಾಟುವಾಗ ಸೂರ್ಯ ಇನ್ನೂ ಮೇಲಿದ್ದ.