ಮೊಡವೆಯೂ ಮುಲಾಮೂ

ಪ್ರಾಯಕ್ಕೆ ಬಂದ ಹುಡುಗಿಯರ ಮುಖದಲ್ಲಿ ಮೊಡವೆಗಳೇಳುವುದು ದೇಹದ ಸಹಜಧರ್ಮವು. ಆದರೂ ಅವುಗಳ ನಿಮಿತ್ತ ಮುಖ ಮರೆಮಾಡಿಕೊಂಡು ಕಡೆಯ ಬೆಂಚಿಗೆ ಸರಿಯುವ ಬಾಲೆಯರನ್ನು ಪ್ರತಿವರ್ಷವೂ ಕಾಣುತ್ತೇನೆ. ಆ ನಾಚಿಕೆಗಿಂತಲೂ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು, ಒಬ್ಬಳ ಮುಲಾಮನ್ನು ಮತ್ತೊಬ್ಬಳು ಎರವು ಪಡೆಯುವ ವಾಡಿಕೆಯು.

ಟ್ರೆಟಿನಾಯಿನ್ ಮೊದಲಾದ ಲೇಪಗಳನ್ನು ವೈದ್ಯರು ಚರ್ಮವನ್ನು ಪರೀಕ್ಷಿಸಿ ಆ ಒಬ್ಬಳಿಗಾಗಿಯೇ ಬರೆದುಕೊಡುತ್ತಾರೆ. ರಾತ್ರಿ ಮುಖ ತೊಳೆದು, ಚೆನ್ನಾಗಿ ಆರಿದ ಮೇಲೆ, ಬಟಾಣಿಕಾಳಿನಷ್ಟನ್ನು ಮುಖಕ್ಕೆಲ್ಲ ತೆಳ್ಳಗೆ ಸವರಬೇಕು. ಕಣ್ಣು ತುಟಿಗಳಿಗೆ ತಾಕಿಸಬಾರದು. ಹೆಚ್ಚು ಬಳಿದರೆ ಬೇಗ ಗುಣವಾಗದು. ಚರ್ಮ ಉರಿದು ಸುಲಿಯುವುದು. ಗುಣ ಕಾಣಲು 8ರಿಂದ 12 ವಾರಗಳಾದರೂ ಬೇಕು. ಲೇಪ ಹಚ್ಚಿದ ಮುಖವು ಬಿಸಿಲನ್ನು ತಾಳದು. ಸಿಂಧನೂರಿನ ಗದ್ದೆಗಳಲ್ಲಾಗಲಿ, ಲಿಂಗಸುಗೂರು ಮಸ್ಕಿಗಳ ಹಾದಿಯಲ್ಲಾಗಲಿ ಹಗಲು ತಿರುಗುವವರು ಕೊಡೆಯನ್ನೂ ಸನ್‌ಸ್ಕ್ರೀನನ್ನೂ ಮರೆಯಲಾಗದು. ವಿವಾಹಿತೆಯರಾದ ನಮ್ಮ ಹಳೆಯ ವಿದ್ಯಾರ್ಥಿನಿಯರು ಗರ್ಭಿಣಿಯರಾದಾಗ ಟ್ರೆಟಿನಾಯಿನನ್ನು ಹಚ್ಚದೆ ವೈದ್ಯರಿಗೆ ತಿಳಿಸತಕ್ಕದ್ದು.

ಮುಖ ಬೆಳ್ಳಗಾಗುವುದೆಂದು ಹೇಳಿ ಮಾರುವ ಕೆಲವು ಕ್ರೀಮುಗಳಲ್ಲಿ ಬೆಟಮೆಥಸೋನಿನಂಥ ಸ್ಟೀರಾಯ್ಡ್ ಬೆರೆತಿರುವುದುಂಟು. ಅದು ಮೊದಲು ನುಣುಪು ತೋರಿಸಿ, ಬರಬರುತ್ತ ಚರ್ಮವನ್ನು ತೆಳುವಾಗಿಸಿ, ಮೊಡವೆಗಳನ್ನೇ ಹೆಚ್ಚಿಸುವುದು. ಆದಕಾರಣವೇ 2018ರಲ್ಲಿ ಭಾರತ ಸರ್ಕಾರವು ಸ್ಟೀರಾಯ್ಡ್ ಕೂಡಿದ 14 ಬಗೆಯ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ತಿಂಗಳುಗಟ್ಟಲೆ ಇಂಥದನ್ನು ಹಚ್ಚಿದವರು ಬಿಡುವ ಕ್ರಮವನ್ನೂ ವೈದ್ಯರಿಂದಲೇ ಕೇಳಿಕೊಳ್ಳಬೇಕು.

ತಾಯಂದಿರೇ, ಮಗಳ ಪುಸ್ತಕದ ಚೀಲದಲ್ಲಿ ಹೊಸ ಟ್ಯೂಬು ಕಂಡರೆ ಗದರಿಸಬೇಡಿರಿ. ಯಾರು ಕೊಟ್ಟರೆಂದು ಮೆಲ್ಲಗೆ ಕೇಳಿರಿ. ವೈದ್ಯರ ಚೀಟಿ ಇಲ್ಲವಾದರೆ ಅದನ್ನು ತೆಗೆದಿರಿಸಿ, ಅವಳನ್ನು ಚರ್ಮವೈದ್ಯರಲ್ಲಿಗೆ ಕರೆದೊಯ್ಯಿರಿ.